ಮೊದಲನೇ ವರ್ಷದ ಕಾಮಗಾರಿ

ಅಕ್ಟೋಬರ್ 9, ಗುರುವಾರ

ನಿನ್ನೆ ಮಂಡ್ಯದಲ್ಲಿ ಗಂಟಲಿನ ಆಪರೇಷನ್ ಆಯಿತು. ಸ್ವರತಂತುವಿನ ಮೇಲೆ ಎರಡು ಗಂಟು ಬೆಳೆದಿದ್ದವಂತೆ. ಡಾಕ್ಟರು ಬಾಟಲಿಯಲ್ಲಿ ಹಾಕಿ ತೋರಿಸಿದರು. ಸಾಸಿವೆಗಿಂತ ಸ್ವಲ್ಪ ದೊಡ್ಡವು. ಮೂವತ್ತೆರಡು ವರ್ಷ ದನದ ಸಂತೆಯಲ್ಲಿ ದಲ್ಲಾಳಿಯಾಗಿ ಕೂಗಿದ್ದು, ಆಮೇಲೆ ಸೈಟು ವ್ಯಾಪಾರದಲ್ಲಿ ಮಾತಾಡಿದ್ದು, ಎಲ್ಲ ಸೇರಿ ಉಳಿತಾಯ ಇಷ್ಟೇ.

ಮೂರು ವಾರ ಬಾಯಿ ಬಿಡಕೂಡದು. ಪಿಸುಮಾತೂ ಬೇಡ. ಅದಕ್ಕೇ ಈ ಡೈರಿ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟದ್ದು, ಒಂಬತ್ತು ತಿಂಗಳು ಖಾಲಿ ಹೋಗಿದೆ. ಮಾತಾಡುವವನಿಗೆ ಬರೆಯುವ ದರ್ದಿರುವುದಿಲ್ಲ.

ಕಾಲ ಮಾತ್ರ ಕೆಟ್ಟದ್ದು. ಪಂಚಾಯಿತಿಯಲ್ಲಿ ಮುಂದಿನ ಐದು ವರ್ಷದ ಯೋಜನೆ ಮಾಡುತ್ತಿದ್ದಾರೆ. ದೂರದೃಷ್ಟಿ ಯೋಜನೆ ಎಂದು ಹೆಸರು. ವಾರ್ಡು ವಾರ್ಡಿಗೂ ಸಭೆ ಕರೆದು, ಜನರನ್ನು ಕೇಳಿ, ಯಾವ ವರ್ಷಕ್ಕೆ ಯಾವ ಕಾಮಗಾರಿ ಎಂದು ಬರೆದುಕೊಳ್ಳಬೇಕು. ಆಮೇಲೆ ಗ್ರಾಮಸಭೆಯಲ್ಲಿ ಒಪ್ಪಿಗೆ. ಐದು ವರ್ಷದ್ದು ಎಂದರೂ ನಡೆಯುವುದು ಮೊದಲನೇ ವರ್ಷದ್ದು ಮಾತ್ರ ಎನ್ನುವುದು ಎಲ್ಲರಿಗೂ ಗೊತ್ತು. ಎರಡನೇ ವರ್ಷದ್ದು ಅದೃಷ್ಟ. ಮೂರರಿಂದ ಆಚೆಗೆ ಬರೆಸಿದ್ದು ಕಾಗದದ ಖರ್ಚು.

ನಮ್ಮ ವಾರ್ಡಿಗೆ ಮೊದಲನೇ ವರ್ಷ ನಾಲ್ಕೂವರೆ ಲಕ್ಷ ಬರುತ್ತದೆ. ಅದು ನನ್ನ ಬಡಾವಣೆಯ ರಸ್ತೆಗೆ ಎಂದು ಯುಗಾದಿಯಲ್ಲೇ ತೀರ್ಮಾನ ಮಾಡಿದ್ದೇನೆ. ಬಡಾವಣೆ ಎಂದರೆ ದೊಡ್ಡದೇನಲ್ಲ, ಹನ್ನೆರಡು ಗುಂಟೆ, ಆರು ಸೈಟು. ಒಂದನ್ನು ಸೋಮನಹಳ್ಳಿಯ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿರುವ ರವಿಚಂದ್ರ ಕೊಂಡಿದ್ದಾನೆ. ರಸ್ತೆ ಯಾವಾಗ ಎಂದು ಕೇಳಿದ. "ಮೊದಲ್ನೇ ವರ್ಸವೇ ಕಾಂಕ್ರೀಟು, ನನ್ ಮಾತು" ಎಂದೆ. ಕಾಗದ ಕೇಳಲಿಲ್ಲ. ದಲ್ಲಾಳಿಯ ಬಂಡವಾಳ ಅಷ್ಟೇ.

ಪಂಚಾಯಿತಿ ಸದಸ್ಯೆ ನನ್ನ ಹೆಂಡತಿ ಪಟ್ಟಲಮ್ಮ. ಸೀಟು ಹೆಂಗಸರಿಗೆ ಮೀಸಲಾದಾಗ ಅವಳನ್ನು ನಿಲ್ಲಿಸಿ ಗೆದ್ದೆ. ಊರು 'ಮೆಂಬ್ರು' ಎಂದು ಕರೆಯುವುದು ನನ್ನನ್ನು. ಈ ಐದು ವರ್ಷದಲ್ಲಿ ಅವಳು ಪಂಚಾಯಿತಿ ಸಭೆಯಲ್ಲಿ ಆಡಿದ್ದು ಒಂದು ಮಾತು: "ಫ್ಯಾನ್ ಆಕಿ."

ಅಕ್ಟೋಬರ್ 14, ಮಂಗಳವಾರ

ಸಂಸಾರ ಚೀಟಿಯಲ್ಲಿ ನಡೆಯುತ್ತಿದೆ. ಪಟ್ಟಲಮ್ಮ ಏಳನೇ ಕ್ಲಾಸು, ತವರು ಪೂರಿಗಾಲಿಯ ಶಾಲೆ. ನಾನು ಬರೆದುಕೊಟ್ಟರೆ ಕನ್ನಡಕ ಹುಡುಕಿ, ಸೆರಗಿನಲ್ಲಿ ಒರೆಸಿ, ಹಾಕಿಕೊಂಡು ಓದುವ ಹೊತ್ತಿಗೆ ನನ್ನ ಸಿಟ್ಟು ಆರಿರುತ್ತದೆ. ಮಧ್ಯಾಹ್ನ "ಸಾರಿಗೆ ಉಪ್ಪು ಜಾಸ್ತಿ" ಎಂದು ಬರೆದೆ. ಎರಡು ಸಲ ಓದಿ, "ಅಕ್ಸರ ಚೆನ್ನಾಗದೆ" ಎಂದಳು.

ಪಿಡಿಒ ಶೋಭಿತಾ ಮೇಡಂ ಫೋನು ಮಾಡಿದರು. ಹೊಸಬರು, ಬಂದು ಆರು ತಿಂಗಳು. ವಾರ್ಡ್ ಸಭೆಗೆ ದಿನ ಗೊತ್ತುಮಾಡಲು ಮೆಂಬರ್ ಬೇಕು ಎಂದರಂತೆ. "ನಾನೇ ಮೆಂಬ್ರು, ಯೋಳಿ" ಎಂದಳು ಪಟ್ಟಲಮ್ಮ. ಮನೆಯಲ್ಲಿ ಇನ್ನೊಬ್ಬರು ಮಾತಾಡುವವರಿಲ್ಲದ್ದರಿಂದ ಹಾಗೆ ಹೇಳಿದ್ದು.

"ಎಂದಿನಂತೆ, ರಾಮಮಂದಿರ, ಬೆಳಗ್ಗೆ ಹನ್ನೊಂದು" ಎಂದು ಬರೆದುಕೊಟ್ಟೆ. ಹನ್ನೊಂದಕ್ಕೆ ಹೆಂಗಸರೆಲ್ಲ ಗದ್ದೆಯಲ್ಲಿರುತ್ತಾರೆ. ಹತ್ತು ಹನ್ನೆರಡು ಗಂಡಸರು ಬಂದು ಟೀ ಕುಡಿಯುತ್ತಾರೆ. ಆಮೇಲೆ ಪುಸ್ತಕವನ್ನು ನಾನೇ ಮನೆಮನೆಗೆ ಒಯ್ದು ಸಹಿ ಹಾಕಿಸುತ್ತೇನೆ. ಇದು ಕಳ್ಳತನವಲ್ಲ, ಪದ್ಧತಿ.

ಅವಳು ಚೀಟಿ ಓದಿ ಕುಂಕುಮದ ಡಬ್ಬಿಯೊಳಗೆ ಇಟ್ಟಳು.

ಅಕ್ಟೋಬರ್ 24, ಶುಕ್ರವಾರ

ಹಬ್ಬ ಮುಗಿಯಿತು. ಎರಡು ಸಲ ಪಿಸುಗುಟ್ಟಿದೆ. ಒಂದು ಎಮ್ಮೆಗೆ, ಒಂದು ಫೋನಿಗೆ.

ಸಂಜೆ ಮಾಯಮ್ಮ ಬಂದಿದ್ದಳು. ಹಿಂದಿನ ಬೀದಿಯವಳು, ಪಟ್ಟಲಮ್ಮನಿಗೆ ಮೂವತ್ತು ವರ್ಷದ ಜೊತೆ. ಎಡಗೈ ಪ್ಲಾಸ್ಟರಿನಲ್ಲಿತ್ತು. ಹಬ್ಬದ ರಗ್ಗು ಒಗೆಯಲು ಹೋಗಿ ನಾಲೆಯಲ್ಲಿ ಜಾರಿದಳಂತೆ.

"ಮೆಂಬ್ರು, ಈ ಸಲ ಒಂದು ಸೋಪಾನಕಟ್ಟೆ ಬರುಸ್ಬುಡಿ" ಎಂದಳು ನನಗೆ. ನಾಲೆಗೆ ಇಳಿಯಲು ಮೆಟ್ಟಿಲು, ಒಗೆಯಲು ಕಲ್ಲು, ಹಿಡಿಯಲು ಕಂಬಿ. ಅಷ್ಟಕ್ಕೆ ಆ ಹೆಸರು.

ನಾನು ತಲೆಯಾಡಿಸಿದೆ. ಇಪ್ಪತ್ತು ವರ್ಷದಿಂದ ಹೀಗೇ ತಲೆಯಾಡಿಸುತ್ತಿದ್ದೇನೆ. ಮೊದಲೆಲ್ಲ ಜೊತೆಗೆ "ಮಾಡ್ಸಣ ಬುಡಮ್ಮ" ಎಂದೂ ಇರುತ್ತಿತ್ತು. ಮಾತು ಇಲ್ಲದೆ ಬರೀ ತಲೆಯಾಡಿಸಿದರೆ ಅದು ಅಷ್ಟು ಚೆನ್ನಾಗಿ ಕಾಣುವುದಿಲ್ಲ ಎಂದು ಇಂದು ಗೊತ್ತಾಯಿತು.

"ಅವ್ರಿಗ್ಯಾಕೆ ಯೋಳ್ತೀಯ, ಅವ್ರೇನು ಬಟ್ಟೆ ಒಗ್ದಾರಾ? ನಂಗ್ಯೋಳು" ಎಂದಳು ಪಟ್ಟಲಮ್ಮ.

ಮಾಯಮ್ಮ ನಕ್ಕಳು. ಪಟ್ಟಲಮ್ಮ ನಗಲಿಲ್ಲ.

ಅಕ್ಟೋಬರ್ 29, ಬುಧವಾರ

ಡಾಕ್ಟರು ಕನ್ನಡಿ ಹಾಕಿ ನೋಡಿ, ಪಿಸುಗುಟ್ಟಿದ್ದೀರಿ ಎಂದರು. ಎಮ್ಮೆ ಹೇಳಿರಲಾರದು. ಇನ್ನೂ ಮೂರು ವಾರ. ನವೆಂಬರ್ ಹತ್ತೊಂಬತ್ತಕ್ಕೆ ಬನ್ನಿ ಎಂದರು.

ನವೆಂಬರ್ 3, ಸೋಮವಾರ

ವಾರ್ಡ್ ಸಭೆ ಆರನೇ ತಾರೀಕು. ಟಾಂಟಾಂ ಹೊಡೆದಾಗ ಕಿವಿಗೊಟ್ಟರೆ, ಜಾಗ ಹಾಲಿನ ಡೇರಿ, ಹೊತ್ತು ಸಂಜೆ ಐದೂವರೆ. ಚೀಟಿ ಬರೆದೆ: "ಡೇರಿಗೆ ಹೆಂಗಸರೆಲ್ಲ ಬರುತ್ತಾರಲ್ಲ!"

"ಊಂ, ಆಲು ಆಕಕ್ಕೆ ಬತ್ತಾರೆ. ಸಂತೆ ಕೂಡೋ ಕಡೆ ಅಂಗ್ಡಿ ಇಡ್ಬೇಕು ಅಂತ ನೀವೇ ಅಂತಿದ್ರಲ್ಲ."

ಅಂದಿದ್ದು ನಿಜ.

ಪರವಾಗಿಲ್ಲ. ಇನ್ನೊಂದು ದಾರಿಯಿದೆ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಕೈಮೇಲೆ ಟವೆಲ್ ಹಾಕಿಕೊಂಡು, ಅದರಡಿ ಬೆರಳು ಒತ್ತಿ ಹೇಳುತ್ತೇವೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಹಸ್ತ ಹಿಡಿದರೆ ಐದು. ಮದುವೆಯಾದ ಹೊಸದರಲ್ಲಿ ಪಟ್ಟಲಮ್ಮನಿಗೆ ಇದನ್ನು ಕಲಿಸಿದ್ದೆ, ಆಗ ಬೇರೆ ಕೆಲಸವಿರಲಿಲ್ಲ. ಪಟ್ಟಿಯಲ್ಲಿ ರಸ್ತೆ ಒಂದನೇ ನಂಬರು. ಸಭೆಯಲ್ಲಿ ಪಕ್ಕದಲ್ಲಿ ಕೂತು ಒಂದು ಬೆರಳು ಒತ್ತುತ್ತೇನೆ, ಅವಳು 'ಒಂದು' ಎಂದು ಹೇಳುತ್ತಾಳೆ. ಸರಿಯೇ ಎಂದು ಬರೆದು ಕೇಳಿದೆ.

"ಒತ್ತಿ, ನೋಡಣ" ಎಂದಳು. ಪೂರಿಗಾಲಿಗೆ ಅಣ್ಣನ ಮನೆಗೆ ಹೋಗಿ ಈಗಷ್ಟೇ ಬಂದಿದ್ದಳು. ಒಂದೇ ವಾರದಲ್ಲಿ ಎರಡನೇ ಸಲ. ಅಣ್ಣನಿಗೆ ಏನೋ ಆಗಿರಬೇಕು.

ನವೆಂಬರ್ 6, ಗುರುವಾರ

ಹೇಗಾಯಿತೋ ಹಾಗೇ ಬರೆಯುತ್ತೇನೆ.

ಐವತ್ತಮೂರು ಜನ. ಅದರಲ್ಲಿ ಹೆಂಗಸರು ಮೂವತ್ತೇಳು. ಹಾಲಿನ ಕ್ಯಾನು ಪಕ್ಕಕ್ಕಿಟ್ಟುಕೊಂಡು ಜಮಖಾನದ ಮೇಲೆ ಕೂತಿದ್ದರು. ಸಹಿ ಪುಸ್ತಕ ಅಲ್ಲೇ ತುಂಬಿತು. ಮನೆಮನೆಗೆ ಒಯ್ಯುವ ಕೆಲಸ ಉಳಿಯಲಿಲ್ಲ.

ಶೋಭಿತಾ ಮೇಡಂ ಒಂದೊಂದೇ ಕಾಮಗಾರಿ ಓದಿದರು. ನಾನು ಪಟ್ಟಲಮ್ಮನ ಪಕ್ಕ ಕೂತು, ಟವೆಲ್ ಹಾಕಿ, ಬೆರಳು ಒತ್ತಿದೆ. ಅವಳು ಪಟ್ಟಿಯ ಮೇಲೆ ಕಣ್ಣಿಟ್ಟಿದ್ದಳು. ಮತ್ತೆ ಒತ್ತಿದೆ.

ಮೇಡಂ ಕಣ್ಣಿಗೆ ಬಿತ್ತು. "ಅಲ್ಲೇನು ಟವೆಲ್ ಅಡಿ?" ಎಂದರು.

ಕಾಲೋನಿಯ ಹಿರಿಯ ಕೆಂಪಸಿದ್ದಯ್ಯ ಒಂದು ಕಾಲಕ್ಕೆ ನನ್ನ ಕೈಯಲ್ಲೇ ಎರಡು ಜೊತೆ ಎತ್ತು ಕೊಂಡವನು. "ಮೇಡಂ, ಅಲ್ಲಿ ಯಾಪಾರ ನಡೀತಾ ಅದೆ. ನೀವು ನಿಮ್ ಪಾಡ್ಗೆ ಓದಿ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಎಸ್ಟಕ್ಕೆ ಬುಟ್ಟೆ ಸಿವಣ್ಣ, ಮೆಂಬ್ರಮ್ಮನ್ನ?"

ಕ್ಯಾನುಗಳೂ ನಕ್ಕ ಹಾಗಾಯಿತು.

"ಬರ್ಕೋಬೇಕು, ಕೈ ಬುಡಿ" ಎಂದಳು ಪಟ್ಟಲಮ್ಮ, ಮೆಲ್ಲಗೆ. ಬಿಟ್ಟೆ. ಅವಳು ಪೆನ್ನು ತೆಗೆದುಕೊಂಡು ಪಟ್ಟಿಯ ಕೊನೆಯಲ್ಲಿ 'ಸೋಪಾನಕಟ್ಟೆ' ಎಂದು ಬರೆದು, ಅದರ ಎದುರಿಗೆ 'ಮೊದಲನೇ ವರ್ಷ' ಎಂದು ಬರೆದಳು. ಬರೆಯುವಾಗ ನಾಲಿಗೆ ತುದಿ ಹೊರಗಿತ್ತು.

ಮೇಡಂ ಅಡ್ಡಿ ಹೇಳಿದರು. "ನಾಲೆ ನೀರಾವರಿ ಇಲಾಖೆದಮ್ಮ. ಅವರ ಒಪ್ಪಿಗೆ ಪತ್ರ ಇಲ್ಲದೆ ಪಂಚಾಯಿತಿ ದುಡ್ಡು ಹಾಕೋಕೆ ಬರಲ್ಲ."

ಇದು ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ನಿಶ್ಚಿಂತೆಯಾಗಿದ್ದೆ.

ಪಟ್ಟಲಮ್ಮ ಚೀಲದಿಂದ ಒಂದು ಕಾಗದ ತೆಗೆದುಕೊಟ್ಟಳು. ನಾಲೆಗೆ ನೀರು ಬಿಡುವುದು ನಿಲ್ಲಿಸಿದಾಗ ಕಟ್ಟಿಕೊಳ್ಳಲು ಅಡ್ಡಿಯಿಲ್ಲ ಎಂದು ಬರೆದು, ಕೆಳಗೆ ಸೀಲು ಹಾಕಿದ್ದರು. ಪೂರಿಗಾಲಿ ಎಂದು ಹೇಳಿ ಎರಡು ಸಲ ಹೋಗಿದ್ದು ಮಂಡ್ಯದ ಆಫೀಸಿಗೆ. ಅಣ್ಣ ಆರೋಗ್ಯವಾಗಿದ್ದಾನೆ.

ಕೆಂಪಸಿದ್ದಯ್ಯ ಎದ್ದ. ಈಗ ನಗುವಿರಲಿಲ್ಲ. "ನಮ್ ಎಣ್ಮಕ್ಳು ತೂಬಿನ ಕೆಳಿಕ್ಕೆ ಓಗ್ಬೇಕು ಇವತ್ಗೂವೆ. ಮೇಲೊಂದು, ಕೆಳಗೊಂದು ಅಂತ ಮಾಡ್ಬುಟ್ರೆ ನಮ್ಗೆ ಬ್ಯಾಡ. ಒಂದೇ ಕಟ್ಟೆ, ಎಲ್ರೂ ಇಳಿಯಂಗಿದ್ರೆ ಕೈ ಎತ್ತೀವಿ."

ಇಂಥ ಕಡೆ ನಾನಾಗಿದ್ದರೆ ಅರ್ಧ ಗಂಟೆ ಮಾತಾಡಿ, ಯಾರಿಗೂ ಬೇಜಾರಾಗದಂತೆ, ಏನೂ ಹೇಳದಂತೆ ಮುಗಿಸುತ್ತಿದ್ದೆ. ಪಟ್ಟಲಮ್ಮ ಕೂತಲ್ಲಿಂದಲೇ ಹೇಳಿದಳು: "ದುಡ್ಡಿರೋದೇ ಒಂದ್ಕೆ ಕಣ್ ಕೆಂಪಸಿದ್ದಯ್ಯಣ್ಣ. ಎರಡು ಎಲ್ಲಿಂದ ತರನ?"

ಮೇಲುಬೀದಿಯ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೂ ಕೂತೇ ಇದ್ದರು.

ಕೈ ಎತ್ತಿಸಿದರು. ಸೋಪಾನಕಟ್ಟೆಗೆ ಮೂವತ್ತೊಂಬತ್ತು, ರಸ್ತೆಗೆ ಹದಿನಾಲ್ಕು. ಎಣಿಸಿದ್ದು ಪಟ್ಟಲಮ್ಮ. ಹದಿನಾಲ್ಕರಲ್ಲಿ ನನ್ನನ್ನೂ ಸೇರಿಸಿ ಎಣಿಸಿದಳು, ಬೆರಳು ತೋರಿಸಿ. ರಸ್ತೆ ಮೂರನೇ ವರ್ಷಕ್ಕೆ ಹೋಯಿತು.

ನವೆಂಬರ್ 7

ಉಪ್ಪಿಟ್ಟು. ತಿಂದೆ.

ನವೆಂಬರ್ 10, ಸೋಮವಾರ

ಇನ್ನೂ ಮುಗಿದಿಲ್ಲ. ಗ್ರಾಮಸಭೆ ಇಪ್ಪತ್ತೊಂದಕ್ಕೆ. ಅಲ್ಲಿ ಕ್ರಮ ಬದಲಾಯಿಸಬಹುದು. ಹತ್ತೊಂಬತ್ತಕ್ಕೆ ನನಗೆ ಬಾಯಿ ಬರುತ್ತದೆ. ಹದಿನಾಲ್ಕು ಜನ ಇದ್ದಾರೆ, ಬೇರೆ ವಾರ್ಡಿನ ಗಂಡಸರು ಸೇರಿಕೊಳ್ಳುತ್ತಾರೆ. ಮೈಕು ಕೈಗೆ ಬಂದರೆ ಮೂರು ಮಾತು ಸಾಕು.

ಒಂದು ಅಂಕಿ ಮಾತ್ರ ಬೇಕು. ದಿನಕ್ಕೆ ಎಷ್ಟು ಜನ ನಾಲೆಗೆ ಬರುತ್ತಾರೆ? ಮನೆಗಳಲ್ಲಿ ನಲ್ಲಿಯಿದೆ. ನಮ್ಮಲ್ಲಿ ವಾಷಿಂಗ್ ಮಷಿನ್ನೇ ಇದೆ. ಹತ್ತು ಹೆಂಗಸರಿಗೆ ನಾಲ್ಕೂವರೆ ಲಕ್ಷವೇ ಎಂದು ಕೇಳಿದರೆ ಊರು ಉತ್ತರ ಹೇಳಲಿ. ಹೋಗಿ ಕೂತು ಎಣಿಸುತ್ತೇನೆ. ಸುಳ್ಳು ಅಂಕಿ ಹಾಕುವುದಿಲ್ಲ. ದಲ್ಲಾಳಿ ಮಾತನ್ನು ಎಳೆಯಬಹುದು, ಎತ್ತಿನ ಹಲ್ಲು ಎಣಿಸುವಾಗ ಸರಿಯಾಗಿ ಎಣಿಸಬೇಕು.

ನವೆಂಬರ್ 12, ಬುಧವಾರ

ಬೆಳಗ್ಗೆ ಆರೂವರೆಯಿಂದ ಹತ್ತರವರೆಗೆ ಆಚೆ ದಡದ ಹೊಂಗೆ ಮರದ ಕೆಳಗೆ ಕೂತಿದ್ದೆ. ಕೈಯಲ್ಲಿ ಹಾಳೆ.

ನಾಲೆಗೆ ಸಿಮೆಂಟು ಹಾಕಿದ ಮೇಲೆ ದಡ ಇಳಿಜಾರಾಗಿ ನುಣ್ಣಗಿದೆ. ಅದರ ಮೇಲೆ ಪಾಚಿ. ಹೆಂಗಸರು ಇದಕ್ಕೊಂದು ಪದ್ಧತಿ ಮಾಡಿಕೊಂಡಿದ್ದಾರೆ. ಇದು ನನಗೆ ಗೊತ್ತಿರಲಿಲ್ಲ. ಜೋಡಿಯಾಗಿ ಬರುತ್ತಾರೆ. ಒಬ್ಬಳು ನೀರಂಚಿಗೆ ಇಳಿದು ಒಗೆಯುತ್ತಾಳೆ. ಇನ್ನೊಬ್ಬಳು ಮೇಲೆ ಹಿಮ್ಮಡಿ ಊರಿ ಕೂತು, ಅವಳ ಸೆರಗನ್ನು ಮುಂಗೈಗೆ ಸುತ್ತಿ ಹಿಡಿದಿರುತ್ತಾಳೆ. ಒಬ್ಬಳದು ಮುಗಿದ ಮೇಲೆ ಅದಲುಬದಲು. ತೂಬು ತೆಗೆದು ನೀರು ಜೋರಾದರೆ ಹಿಡಿದವಳು "ನೀರು" ಎಂದು ಕೂಗುತ್ತಾಳೆ. ಕೆಳಗಿನವಳು ಬಟ್ಟೆ ಬಿಟ್ಟು ಕೈ ಊರುತ್ತಾಳೆ.

ಲೆಕ್ಕ: ಬಂದವರು ಅರವತ್ತೆರಡು. ಯಾವ ಹೊತ್ತಿಗೆ ನೋಡಿದರೂ ಒಗೆಯುತ್ತಿದ್ದವರು ಅರ್ಧ, ಹಿಡಿದುಕೊಂಡಿದ್ದವರು ಅರ್ಧ. ಅಂದರೆ ಒಂದಾಳಿನ ಕೆಲಸಕ್ಕೆ ಎರಡಾಳು, ದಿನಾ. ಯಾವ ವ್ಯಾಪಾರವೂ ಇದರಲ್ಲಿ ಉಳಿಯುವುದಿಲ್ಲ. ಜಾರಿದವರು ಏಳು. ಬಿದ್ದವಳು ಒಬ್ಬಳು, ಮೊಣಕಾಲು ತರಚಿತು. ಎದ್ದು ಅವಳೇ ಮೊದಲು ನಕ್ಕಳು.

ಎಂಟೂ ಹತ್ತಕ್ಕೆ ಪಟ್ಟಲಮ್ಮ ಬಂದಳು. ನಲ್ಲಿ ನೀರು ಮೂರು ದಿನಕ್ಕೊಮ್ಮೆ. ಮನೆಯ ಮಷಿನ್ನಿನ ಮೇಲೆ ರಾಗಿ ಮೂಟೆ ಇರುವುದು ಆಗ ನೆನಪಾಯಿತು. ಗಂಟು ಬಿಚ್ಚಿದಳು: ನನ್ನ ಬಿಳಿ ಅಂಗಿ ಐದು, ಪಂಚೆ ಎರಡು, ಅವಳ ಸೀರೆ ಒಂದು. ಹಿಡಿದುಕೊಳ್ಳಲು ಬಂದಿದ್ದವಳು ಮಾಯಮ್ಮ. ಪ್ಲಾಸ್ಟರಿನ ಕೈ ಮಡಿಲಲ್ಲಿಟ್ಟುಕೊಂಡು, ಇನ್ನೊಂದರಲ್ಲಿ ಸೆರಗು ಸುತ್ತಿಕೊಂಡು ಕೂತಳು. ಒಂದೇ ಕೈ. ಪಟ್ಟಲಮ್ಮ ಇಳಿದಳು.

ಕೂಗೋಣವೆಂದರೆ ಕೂಗುವ ಹಾಗಿಲ್ಲ. ಏನೆಂದು ಕೂಗುವುದು ಎಂಬುದೂ ಗೊತ್ತಾಗಲಿಲ್ಲ. ಅಂಗಿಯ ಕಾಲರು ತುಂಬ ಹೊತ್ತು ಉಜ್ಜುತ್ತಾಳೆ.

ಎಂಟೂ ಹತ್ತರಿಂದ ಎಂಟೂ ಮುಕ್ಕಾಲಿನವರೆಗೆ ಬಂದವರನ್ನು ಎಣಿಸಲಿಲ್ಲ. ಅಂದಾಜಿನ ಮೇಲೆ ಸೇರಿಸುವುದು ಸರಿಯಲ್ಲ. ಹಾಳೆಯಲ್ಲಿ 'ಲೆಕ್ಕ ಇಲ್ಲ' ಎಂದು ಬರೆದಿದ್ದೇನೆ.

ಈ ಅಂಕಿ ನನ್ನ ಕೆಲಸಕ್ಕೆ ಬರುವುದಿಲ್ಲ. ಹಾಳೆ ಪೆಟ್ಟಿಗೆಯ ಮೇಲಿದೆ.

ನವೆಂಬರ್ 14, ಶುಕ್ರವಾರ

ಇಂದಿನಿಂದ ಬಣ್ಣದ ಅಂಗಿ. ಬಿಳಿಯದು ಬೇಗ ಕೊಳೆಯಾಗುತ್ತದೆ, ಸೋಪಿನ ಖರ್ಚು.

ನವೆಂಬರ್ 17, ಸೋಮವಾರ

ಬಾಗಿಲಲ್ಲಿ ಯಾರೋ "ಮೆಂಬ್ರು ಅವ್ರಾ?" ಎಂದರು. ಎದ್ದು ಹೋದೆ. "ನೀವಲ್ಲ ಕಣಣ್ಣೋ" ಎಂದರು. ವಾಪಸು ಬಂದು ಕೂತೆ.

ರವಿಚಂದ್ರ ಫೋನು ಮಾಡಿದ್ದ. ಪಟ್ಟಲಮ್ಮ ನನ್ನ ಕಿವಿಗೆ ಹಿಡಿದಳು. "ಶಿವಣ್ಣೋರೆ, ಸಂಕ್ರಾಂತಿಗೆ ಪಾಯ ಹಾಕ್ತೀನಿ. ರೋಡಿನ್ ವಿಷ್ಯ ಪಂಚಾಯ್ತೀಲಿ ಪಾಸಾಯ್ತಾ? ನಿಮ್ ಮಾತ್ ಮೇಲೆ ಬ್ಯಾಂಕಲ್ಲೂ ಹೇಳ್ಬುಟ್ಟಿದೀನಿ." ಅವನಿಗೆ ನನ್ನ ಗಂಟಲಿನ ಸುದ್ದಿ ಗೊತ್ತಿತ್ತು. ಆದರೂ ಉತ್ತರಕ್ಕೆ ಕಾದ.

ನೀನೇ ಹೇಳು ಎಂದು ಅವಳಿಗೆ ಸನ್ನೆ ಮಾಡಿದೆ.

ಅವಳು ಫೋನಿನಲ್ಲಿ, "ಅವ್ರಿಗೆ ಬಾಯಿ ಬಂದ್ಮೇಲೆ ಅವ್ರೇ ಯೋಳ್ತಾರೆ ಕಣಪ್ಪ" ಎಂದು ಇಟ್ಟಳು. ಆಮೇಲೆ ನನಗೆ: "ಮಾತು ಕೊಟ್ಟೋರು ನೀವು. ನಾನ್ಯಾಕೆ ಯೋಳ್ಲಿ?"

ಒಳಗೆ ಹೋಗಿ ಒಂದು ಲೋಟ ಬಿಸಿನೀರು ತಂದುಕೊಟ್ಟಳು. ಅದಕ್ಕೂ ಇದಕ್ಕೂ ಸಂ‌ಬಂಧವಿಲ್ಲ. ದಿನಾ ಕೊಡುತ್ತಾಳೆ.

ನವೆಂಬರ್ 19, ಬುಧವಾರ

ಗಂಟಲು ಮಾಗಿದೆ. ಡಾಕ್ಟರು "ಆ ಅನ್ನಿ" ಎಂದರು. ಅಂದೆ. ಹಳೇ ಬಾಗಿಲಿನ ಕೀಲಿನಂತೆ ಬಂತು. ಮೆಲ್ಲಗೆ, ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು ಎಂದರು.

ಮನೆಯಲ್ಲಿ ಹೇಳಲಿಲ್ಲ. "ಇನ್ನೊಂದು ವಾರ ಮಾತು ಬೇಡವಂತೆ" ಎಂದು ಚೀಟಿ ಕೊಟ್ಟೆ. ಸುಳ್ಳು. ಮೈಕು ಕೈಗೆ ಬರುವವರೆಗೆ ಯಾರಿಗೂ ಗೊತ್ತಾಗಬಾರದು.

ಪಟ್ಟಲಮ್ಮ ಚೀಟಿ ಓದಿ, "ಪಾಪ" ಎಂದಳು.

ನವೆಂಬರ್ 21, ಶುಕ್ರವಾರ

ಗ್ರಾಮಸಭೆ. ಪಂಚಾಯಿತಿ ಆಫೀಸಿನ ಮುಂದೆ ಶಾಮಿಯಾನ, ಇನ್ನೂರು ಕುರ್ಚಿ, ತುಂಬಿದ್ದು ನೂರಾ ಎಂಬತ್ತು.

ನಮ್ಮ ವಾರ್ಡಿನ ಪಟ್ಟಿ ಪಟ್ಟಲಮ್ಮನೇ ಓದಿದಳು. ಮೊದಲ ಸಾಲಿಗೇ ಪಕ್ಕದ ವಾರ್ಡಿನ ಅಂಬರೀಶ್ ಎದ್ದ. "ಬಟ್ಟೆ ಒಗಿಯಕ್ಕೆ ನಾಕೂವರೆ ಲಕ್ಸವಾ? ಅದೇ ದುಡ್ಡಲ್ಲಿ ಎಲ್ರುಗೂ ಒಂದೊಂದ್ ಮಿಷಿನ್ ಕೊಡ್ಸಿ ಬುಡಿ ಅತ್ಲಾಗೆ."

ಗಂಡಸರ ಕಡೆ ನಗು. ನಾನು ಆಡಬೇಕೆಂದಿದ್ದ ಮೂರು ಮಾತಿನಲ್ಲಿ ಇದೂ ಒಂದು. ಬೇರೆಯವನ ಬಾಯಲ್ಲಿ ಕೇಳಿದಾಗ ತೂಕ ಕಡಿಮೆ ಅನ್ನಿಸಿತು.

"ನೀರೂ ನೀನೇ ಕೊಡ್ಸಪ್ಪ, ಇಸ್ಕೋತೀವಿ" ಎಂದಳು ಪಟ್ಟಲಮ್ಮ. ಆಮೇಲೆ ಮಡಿಸಿದ ಒಂದು ಹಾಳೆ ಬಿಚ್ಚಿದಳು. ನನ್ನ ಹಾಳೆ. ಕೇಳಿ ತೆಗೆದುಕೊಂಡಿರಲಿಲ್ಲ.

ಅರವತ್ತೆರಡು ಎಂದು ಓದಿದಳು. ಒಗೆಯುವವರು ಅರ್ಧ, ಹಿಡಿಯುವವರು ಅರ್ಧ. ಜಾರಿದವರು ಏಳು. ಬಿದ್ದವಳು ಒಬ್ಬಳು. "ಎಂಟೂ ಹತ್ತರಿಂದ ಎಂಟೂ ಮುಕ್ಕಾಲು, ಲೆಕ್ಕ ಇಲ್ಲ" ಎಂದು ಅದನ್ನೂ ಓದಿದಳು. ಓದಿ, ಹಾಳೆ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಮುಂದಿನ ಸಾಲು ಸಿಗಲಿಲ್ಲವೆಂದು ಜನ ಅಂದುಕೊಂಡಿರಬೇಕು. ಮುಂದೆ ಸಾಲೇ ಇರಲಿಲ್ಲ.

ಅಧ್ಯಕ್ಷ ದೊಡ್ಡಸಿದ್ದಯ್ಯ ನನ್ನ ಹಳೇ ಸ್ನೇಹಿತ. ಮೈಕಿನಲ್ಲಿ, "ಆರು ವಾರದಿಂದ ನಮ್ ಪಂಚಾಯ್ತಿ ತಣ್ಣಗದೆ. ಸಿವಣ್ಣಂಗೆ ಬಾಯಿ ಬಂದಿದ್ರೆ ಒಂದ್ಮಾತು ಆಡ್ಲಿ" ಎಂದು ಮೈಕನ್ನು ನನಗೇ ಕಳಿಸಿದ.

ಕೈಗೆ ಬಂತು. ಹದಿನಾಲ್ಕು ಜನ, ನನ್ನನ್ನು ಬಿಟ್ಟು ಹದಿಮೂರು, ನನ್ನನ್ನೇ ನೋಡುತ್ತಿದ್ದರು. ಉಳಿದ ಎರಡು ಮಾತು ನೆನಪಿದ್ದವು. ಪಟ್ಟಲಮ್ಮ ನನ್ನ ಕಡೆ ನೋಡಲಿಲ್ಲ. ಹಾಳೆಯನ್ನು ಮೊದಲಿನ ಮಡಿಕೆಯಲ್ಲೇ ಮಡಿಸುತ್ತಿದ್ದಳು.

ಗಂಟಲು ತೋರಿಸಿ, ಕೈಯಾಡಿಸಿ, ಮೈಕು ವಾಪಸು ಕೊಟ್ಟೆ. ಹತ್ತು ನಿಮಿಷದ ಪರವಾನಗಿಯಲ್ಲಿ ಅಷ್ಟು ಜನಕ್ಕೆ ಹೇಳಿ ಮುಗಿಸಲು ಆಗುತ್ತಿರಲಿಲ್ಲ.

ಪಟ್ಟಿ ಇದ್ದ ಹಾಗೇ ಪಾಸಾಯಿತು.

ನವೆಂಬರ್ 23, ಭಾನುವಾರ

ಮಂಡ್ಯಕ್ಕೆ ಹೋಗಿ, ಅಲ್ಲಿಂದ ಮದ್ದೂರು ದಾಟಿ ಸೋಮನಹಳ್ಳಿಯಲ್ಲಿ ಇಳಿದೆ. ರವಿಚಂದ್ರನ ಬಾಡಿಗೆ ಮನೆ ಹೈವೇ ಪಕ್ಕದಲ್ಲೇ. ಅವನ ಹೆಂಡತಿ ಕಾಫಿ ಕೊಟ್ಟಳು. ಗೋಡೆಗೆ ಹೊಸ ಮನೆಯ ಪ್ಲಾನು ಅಂಟಿಸಿದ್ದರು. ಪ್ಲಾನಿನಲ್ಲಿ ಮನೆಯ ಮುಂದೆ ರಸ್ತೆಯನ್ನೂ ಬರೆದಿದ್ದರು, ಅಗಲ ಇಪ್ಪತ್ತಡಿ.

ಕಾಫಿ ಮುಗಿಸಿ ಲೋಟ ಕೆಳಗಿಟ್ಟೆ.

"ರಸ್ತೆ ಮೂರನೇ ವರ್ಸಕ್ಕೆ ಓಗದೆ ರವಿಚಂದ್ರ. ಮೊದಲ್ನೇ ವರ್ಸ ಅಂದಿದ್ದು ಪಂಚಾಯ್ತಿ ಅಲ್ಲ, ನಾನು. ನನ್ ಕೈಲಿ ಇಲ್ದಿದ್ದನ್ನ ನಿಂಗೆ ಯೋಳ್ಬುಟ್ಟೆ. ಲಾರಿ ಬರಕ್ಕೆ ಜಲ್ಲಿ ನಾನೇ ಉಯ್ಸಿಕೊಡ್ತೀನಿ. ಸೈಟೇ ಬ್ಯಾಡ ಅಂದ್ರೂ ಸರಿ, ವಾಪಸ್ ತಗೋತೀನಿ."

ಆರು ವಾರದ ಮೇಲೆ ಆಡಿದ ಮೊದಲ ಮಾತು. ಅರ್ಧ ಗಾಳಿಯೇ ಬಂತು. ಹೊರಗೆ ಲಾರಿಗಳು ಹೋಗುತ್ತಿದ್ದವು.

"ಏನಂದ್ರಿ ಶಿವಣ್ಣೋರೆ? ಒಂದೂ ಕೇಳಿಸ್ಲಿಲ್ಲ" ಎಂದು ರವಿಚಂದ್ರ ಎದ್ದು ಬಾಗಿಲು ಹಾಕಿದ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತ. ಅವನ ಹೆಂಡತಿಯೂ ಬಂದು ಗೋಡೆಗೆ ಒರಗಿ ನಿಂತಳು.

ಮೊದಲಿನಿಂದ ಹೇಳಿದೆ.